ಮಂಜು, ಮಳೆ, ಮೊಬೈಲ್: ಒಳ್ಳೆಯ ಫೋಟೊ ತೆಗೆಯುವುದು ಹೇಗೆ?

ಸಕಲೇಶಪುರ, ಆಲೂರು ಕಡೆಯ ಯಾವ ಮನೆಗೆ ಹೋದರೂ ಇವತ್ತು ಒಳಗೆ ಒಂದೆರಡು ಕ್ಯಾಮರಾ ಇದ್ದೇ ಇರುತ್ತದೆ. ನಾವು ಅದನ್ನು ಮೊಬೈಲ್ ಅಂತ ಕರೀತೇವೆ, ಅಷ್ಟೇ. ಅದರೊಳಗೆ ಸಾವಿರಾರು ಫೋಟೊ ತುಂಬಿರುತ್ತದೆ. ಮಕ್ಕಳದ್ದು, ಮದುವೆಯದ್ದು, ಘಾಟಿಯ ಮಂಜಿನದ್ದು, ತೋಟದ್ದು. ಆದರೆ ಅದರಲ್ಲಿ ಪ್ರಿಂಟ್ ಹಾಕಿಸಿ ಇಟ್ಟುಕೊಳ್ಳುವಂಥದ್ದು ಎಷ್ಟು? ಬೇಕಾದಾಗ ಹುಡುಕಿದರೆ ಕೈಗೆ ಸಿಗುವಂಥದ್ದು ಎಷ್ಟು? ಹೆಚ್ಚಿನವರ ಉತ್ತರ "ಬಹಳ ಕಡಿಮೆ" ಎಂದೇ ಆಗಿರುತ್ತದೆ.

ಫೋಟೊ ಈಗ ಬರೀ ಶೋಕಿ ಅಲ್ಲ. ರಾತ್ರಿ ಆನೆ ಬಂದು ಬಾಳೆ, ಕಾಫಿ ಗಿಡ ತುಳಿದು ಹೋದರೆ ಪರಿಹಾರದ ಅರ್ಜಿಗೆ ಫೋಟೊ ಬೇಕು. ಸರಕಾರದ ಬೆಳೆ ಸಮೀಕ್ಷೆ ಆ್ಯಪ್‌ಗೆ ಹೊಲದಲ್ಲೇ ನಿಂತು ಫೋಟೊ ಹಾಕಬೇಕು. ಮನೆಯಲ್ಲಿ ಅಡುಗೆ ಮಾಡಿ ಮಾರುವ ಹೆಂಗಸರಿಗೆ ಗಿರಾಕಿ ಬರುವುದೇ ಫೋಟೊ ನೋಡಿ. ಕಾಳುಮೆಣಸು, ಏಲಕ್ಕಿ ವ್ಯಾಪಾರದವರೂ ಈಗ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಮಾಲು ತೋರಿಸುತ್ತಾರೆ. ಇನ್ನೊಂದು ಕಡೆ, ಒಂದು ಸೆಲ್ಫಿಗಾಗಿ ಹಳಿ ಮೇಲೆ, ಜಲಪಾತದ ಬಂಡೆ ಮೇಲೆ ಜೀವ ಪಣಕ್ಕಿಡುವ ಹುಡುಗರೂ ಇದ್ದಾರೆ. ಹಾಗಾಗಿ ಫೋಟೊ ತೆಗೆಯುವುದನ್ನು ಸರಿಯಾಗಿ ಕಲಿಯುವುದು, ಮಕ್ಕಳಿಗೆ ಕಲಿಸುವುದು ಇವತ್ತಿನ ಅಗತ್ಯ. ದುಬಾರಿ ಕ್ಯಾಮರಾ ಇಲ್ಲದೆಯೇ ಇದರ ಮುಕ್ಕಾಲು ಪಾಲು ಕಲಿಯಬಹುದು.

ಮೊದಲು ಬೆಳಕು, ಆಮೇಲೆ ಕ್ಯಾಮರಾ

ಕ್ಯಾಮರಾದ ಕತೆ ಶುರುವಾಗುವುದು ಯುರೋಪಿನ ಕಾರ್ಖಾನೆಯಲ್ಲಿ ಅಲ್ಲ. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ, ಕೈರೋದಲ್ಲಿ ಬದುಕಿದ ಇಬ್ನುಲ್ ಹೈಸಮ್ ಎಂಬ ವಿದ್ವಾಂಸರು ಬೆಳಕಿನ ಬಗ್ಗೆ 'ಕಿತಾಬುಲ್ ಮನಾಝಿರ್' ಎಂಬ ದೊಡ್ಡ ಗ್ರಂಥ ಬರೆದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣುತ್ತದೆ ಎಂದು ಹಿಂದಿನ ಅನೇಕರು ನಂಬಿದ್ದರು. ಹಾಗಲ್ಲ, ವಸ್ತುವಿನಿಂದ ಬಂದ ಬೆಳಕು ಕಣ್ಣಿನೊಳಗೆ ಹೋಗುವುದರಿಂದ ನಾವು ನೋಡುತ್ತೇವೆ ಎಂದು ಇವರು ಪ್ರಯೋಗ ಮಾಡಿ ವಿವರಿಸಿದರು. ಗ್ರಹಣದ ಹೊತ್ತಿನಲ್ಲಿ ಸಣ್ಣ ತೂತಿನ ಮೂಲಕ ಸೂರ್ಯನ ಆಕಾರ ಹೇಗೆ ಮೂಡುತ್ತದೆ ಎಂದೂ ಬರೆದರು. ಕತ್ತಲೆ ಕೋಣೆಯ ಗೋಡೆಗೆ ಒಂದು ತೂತು, ಎದುರು ಗೋಡೆಯ ಮೇಲೆ ಹೊರಗಿನ ಲೋಕ ತಲೆಕೆಳಗಾಗಿ ಮೂಡುವುದು: ಇವತ್ತಿನ ಎಲ್ಲ ಕ್ಯಾಮರಾಗಳ ಒಳಗೂ ಇರುವುದು ಇದೇ ತತ್ವ. 2015ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಬೆಳಕಿನ ವರ್ಷವಾಗಿ ಆಚರಿಸಿದಾಗ ಯುನೆಸ್ಕೊ ಇವರ ಕೆಲಸವನ್ನು ವಿಶೇಷವಾಗಿ ನೆನಪಿಸಿಕೊಂಡಿತು.

ಇದರಿಂದ ನಾವು ಕಲಿಯಬೇಕಾದ್ದು ಏನು? ಕ್ಯಾಮರಾ ಹಿಡಿಯುವುದು ವಸ್ತುವನ್ನಲ್ಲ, ವಸ್ತುವಿನ ಮೇಲೆ ಬಿದ್ದ ಬೆಳಕನ್ನು. ಅದೇ ಮನೆ, ಅದೇ ಮರ, ಅದೇ ಮುಖ, ಆದರೆ ಮಧ್ಯಾಹ್ನ 12 ಗಂಟೆಗೆ ತೆಗೆದರೆ ಒಂದು ತರ, ಸಂಜೆ ತೆಗೆದರೆ ಇನ್ನೊಂದು ತರ. ನಡುಮಧ್ಯಾಹ್ನ ಬಿಸಿಲು ನೆತ್ತಿಯ ಮೇಲಿಂದ ಬೀಳುತ್ತದೆ. ಕಣ್ಣಿನ ಕುಳಿ, ಮೂಗಿನ ಕೆಳಗೆ ಕಪ್ಪು ನೆರಳು ನಿಲ್ಲುತ್ತದೆ. ಹಣೆ ಬೆಳ್ಳಗೆ ಹೊಳೆಯುತ್ತದೆ. ಎಷ್ಟು ಸುಂದರ ಮುಖ ಆದರೂ ಆಗ ಫೋಟೊ ಚಂದ ಬರಲಿಕ್ಕಿಲ್ಲ.

ಹಾಗಾದರೆ ಯಾವ ಹೊತ್ತು ಒಳ್ಳೆಯದು? ನಮ್ಮ ಮದರಸದ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಸುಲಭ. ಶಾಫಿಈ ಮದ್‌ಹಬ್‌ನಲ್ಲಿ ಅಸರ್ ಸಮಯ ಆರಂಭವಾಗುವುದು ಒಂದು ವಸ್ತುವಿನ ನೆರಳು, ನಡುಮಧ್ಯಾಹ್ನದ ನೆರಳನ್ನು ಕಳೆದು, ಆ ವಸ್ತುವಿನಷ್ಟೇ ಉದ್ದ ಆದಾಗ. ಫೋಟೊಗ್ರಾಫರುಗಳು ಹೇಳುವ ಲೆಕ್ಕವೂ ಹತ್ತಿರ ಹತ್ತಿರ ಇದೇ: ನಿಮ್ಮ ನೆರಳು ನಿಮಗಿಂತ ಉದ್ದ ಇದ್ದರೆ ಕ್ಯಾಮರಾ ಹೊರಗೆ ತೆಗೆಯಿರಿ, ಗಿಡ್ಡ ಇದ್ದರೆ ನೆರಳಿಗೆ ಹೋಗಿ ಕೂತುಕೊಳ್ಳಿ. ಅಸರ್‌ನಿಂದ ಮಗ್ರಿಬ್‌ವರೆಗಿನ ಹೊತ್ತು, ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ ಹೊರಗಿನ ಫೋಟೊಗೆ ಬಹಳ ಒಳ್ಳೆಯದು. ಆಗ ಬೆಳಕು ಓರೆಯಾಗಿ ಬೀಳುತ್ತದೆ, ಬಣ್ಣ ಬೆಚ್ಚಗಿರುತ್ತದೆ, ಬೆಟ್ಟದ ಮಡಿಕೆ ಮಡಿಕೆ ಎದ್ದು ಕಾಣುತ್ತದೆ. ನೆರಳು ನೋಡುವ ಅಭ್ಯಾಸ ನಮ್ಮ ಹಿರಿಯರಿಗೆ ಇತ್ತು, ಗಡಿಯಾರ ಬಂದ ಮೇಲೆ ನಮ್ಮಿಂದ ಕೈತಪ್ಪಿತು. ಅದನ್ನು ಮತ್ತೆ ಹಿಡಿದುಕೊಳ್ಳಬೇಕು.

ಕಿಟಕಿಯ ಲೆಕ್ಕ

ಕ್ಯಾಮರಾದಲ್ಲಿ ಬೆಳಕನ್ನು ಹತೋಟಿ ಮಾಡುವುದು ಮೂರು ಸಂಗತಿ. ಮನೆಯ ಕಿಟಕಿ ಅಂತ ಇಟ್ಟುಕೊಳ್ಳಿ. ಕಿಟಕಿ ಎಷ್ಟು ಅಗಲ ತೆರೆದಿದ್ದೀರಿ ಎಂಬುದು ಅಪರ್ಚರ್. ಎಷ್ಟು ಹೊತ್ತು ತೆರೆದಿಟ್ಟಿದ್ದೀರಿ ಎಂಬುದು ಶಟರ್. ಒಳಗೆ ಕೂತವನ ಕಣ್ಣು ಎಷ್ಟು ಚುರುಕು ಎಂಬುದು ಐಎಸ್‌ಒ. ಮೂರೂ ಒಂದಕ್ಕೊಂದು ಹೊಂದಿಕೊಂಡಿವೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ಇಳಿಸಬೇಕು.

ಕಿಟಕಿ ಅಗಲ ತೆರೆದರೆ, ಅಂದರೆ ಎಫ್ ನಂಬರ್ ಸಣ್ಣದಾದರೆ, ನೀವು ಫೋಕಸ್ ಮಾಡಿದ್ದು ಮಾತ್ರ ಸ್ಪಷ್ಟ, ಹಿಂದಿನದ್ದೆಲ್ಲ ಮಸುಕು. ಒಬ್ಬರ ಮುಖ ತೆಗೆಯಲು ಇದು ಬೇಕು. ಎಫ್ 8, ಎಫ್ 11 ಅಂತ ಕಿರಿದು ಮಾಡಿದರೆ ಹತ್ತಿರದ ಬೇಲಿಯಿಂದ ದೂರದ ಬೆಟ್ಟದವರೆಗೆ ಸ್ಪಷ್ಟ. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗ ಇದ್ದರೆ ಹಾರುವ ಹಕ್ಕಿಯ ರೆಕ್ಕೆ ನಿಂತು ಬಿಡುತ್ತದೆ. ಅರ್ಧ ಸೆಕೆಂಡ್ ಇದ್ದರೆ ತೊರೆಯ ನೀರು ಹಾಲಿನ ಹಾಗೆ ಹರಿಯುತ್ತದೆ, ಆದರೆ ಕ್ಯಾಮರಾ ಅಲುಗಬಾರದು, ಟ್ರೈಪಾಡ್ ಬೇಕು. ಐಎಸ್‌ಒ ಏರಿಸಿದರೆ ಕತ್ತಲಲ್ಲೂ ಫೋಟೊ ಬರುತ್ತದೆ, ಆದರೆ ರವೆ ಚೆಲ್ಲಿದ ಹಾಗೆ ಚುಕ್ಕಿ ಚುಕ್ಕಿ ಕಾಣುತ್ತದೆ.

ಮೊಬೈಲ್‌ನಲ್ಲಿ ಸಾಮಾನ್ಯವಾಗಿ ಅಪರ್ಚರ್ ಬದಲಾಗುವುದಿಲ್ಲ. ಶಟರ್, ಐಎಸ್‌ಒ ಹೆಚ್ಚಿನ ಫೋನ್‌ಗಳ 'ಪ್ರೊ' ಮೋಡ್‌ನಲ್ಲಿ ಸಿಗುತ್ತದೆ. ಅದೂ ಇಲ್ಲದಿದ್ದರೆ ನಾಲ್ಕು ಅಭ್ಯಾಸ ಸಾಕು. ಒಂದು, ತೆಗೆಯುವ ಮೊದಲು ಲೆನ್ಸ್ ಒರೆಸಿ. ಜೇಬಿನ ಧೂಳು, ಬೆರಳಿನ ಎಣ್ಣೆ ಅಲ್ಲೇ ಇರುತ್ತದೆ, ಅರ್ಧ ಫೋಟೊ ಮಂಕಾಗುವುದು ಇದರಿಂದಲೇ. ಎರಡು, ಎರಡು ಬೆರಳಿಂದ ಎಳೆದು ಝೂಮ್ ಮಾಡಬೇಡಿ, ನಡೆದು ಹತ್ತಿರ ಹೋಗಿ. ಮೂರು, ಪರದೆ ಮೇಲೆ ಮುಖ್ಯ ಜಾಗವನ್ನು ಮುಟ್ಟಿ ಫೋಕಸ್ ಮಾಡಿ, ಆಮೇಲೆ ಬೆರಳು ಮೇಲೆ ಕೆಳಗೆ ಜಾರಿಸಿ ಬೆಳಕು ಸರಿ ಮಾಡಿ. ನಾಲ್ಕು, ಸೆಟ್ಟಿಂಗ್‌ನಲ್ಲಿ ಗ್ರಿಡ್ ಗೆರೆ ಹಾಕಿಕೊಳ್ಳಿ. ದಿಗಂತ ಓರೆಯಾಗುವುದಿಲ್ಲ, ಮುಖ್ಯ ವಸ್ತುವನ್ನು ಯಾವಾಗಲೂ ನಟ್ಟನಡುವೆ ಇಡುವ ಚಟವೂ ಬಿಡುತ್ತದೆ.

ಮಂಜು, ಬೆಟ್ಟ, ಕೋಟೆ

ನಮ್ಮ ಊರಿನ ದೊಡ್ಡ ಸಂಪತ್ತು ಮಂಜು. ಆದರೆ ಮಂಜಿನ ಫೋಟೊ ತೆಗೆದರೆ ಬಿಳಿ ಬದಲು ಬೂದಿ ಬಣ್ಣ ಬರುತ್ತದೆ ಅಂತ ಹಲವರ ದೂರು. ಕಾರಣ ಇದೆ. ಕ್ಯಾಮರಾ ಎದುರಿಗಿರುವ ಎಲ್ಲವನ್ನೂ ನಡು ಬೂದು ಬಣ್ಣ ಎಂದು ಲೆಕ್ಕ ಹಾಕುತ್ತದೆ. ತುಂಬಾ ಬಿಳಿ ಕಂಡರೆ ಬೆಳಕು ಹೆಚ್ಚಾಯಿತು ಎಂದುಕೊಂಡು ತಾನೇ ಕಡಿಮೆ ಮಾಡುತ್ತದೆ. ಆದ್ದರಿಂದ ಮಂಜಿನಲ್ಲಿ ನೀವು ಬೆಳಕನ್ನು ಸ್ವಲ್ಪ ಏರಿಸಬೇಕು, ಎಕ್ಸ್‌ಪೋಷರ್ ಗುರುತಿನಲ್ಲಿ ಪ್ಲಸ್ 1ರ ಆಸುಪಾಸು. ಕಪ್ಪು ಬಂಡೆ, ಕಪ್ಪು ಬಟ್ಟೆ, ಎಮ್ಮೆ ತೆಗೆಯುವಾಗ ಇದಕ್ಕೆ ಉಲ್ಟಾ, ಸ್ವಲ್ಪ ಇಳಿಸಬೇಕು. ಇದೊಂದು ಗೊತ್ತಾದರೆ ಅರ್ಧ ಸಮಸ್ಯೆ ಮುಗಿಯಿತು.

ಇನ್ನೊಂದು, ಬರೀ ಮಂಜು ಫೋಟೊ ಆಗುವುದಿಲ್ಲ. ಅದರೊಳಗೆ ಏನಾದರೂ ಒಂದು ಗಟ್ಟಿಯಾಗಿ ನಿಲ್ಲಬೇಕು. ಒಂದು ಸಿಲ್ವರ್ ಮರ, ಕೊಡೆ ಹಿಡಿದು ಹೋಗುವ ಒಬ್ಬ ಮನುಷ್ಯ, ಬಸ್ಸಿನ ಹೆಡ್‌ಲೈಟ್. ಬಿಸಿಲೆ ಘಾಟಿಯ ವೀಕ್ಷಣಾ ಸ್ಥಳದಲ್ಲಿ ನಿಂತು ಕುಮಾರ ಪರ್ವತದ ಕಡೆ ನೋಡಿದರೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು ಕಾಣುತ್ತದೆ. ಹತ್ತಿರದ್ದು ಕಡು, ದೂರದ್ದು ತಿಳಿ. ಆ ಪದರಗಳೇ ಅಲ್ಲಿನ ಫೋಟೊ. ಅಲ್ಲಿ ಮುಂದೆ ನಿಂತ ನಮ್ಮ ಕೂಲಿಂಗ್ ಗ್ಲಾಸ್ ಫೋಟೊ ಅಲ್ಲ.

ಮಂಜರಾಬಾದ್ ಕೋಟೆಗೆ ಬನ್ನಿ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದ ಆಕಾರದ ಕೋಟೆ. ಬೆಂಗಳೂರು-ಮಂಗಳೂರು ಹೆದ್ದಾರಿಯ ಪಕ್ಕದ ಗುಡ್ಡದ ಮೇಲೆ, ಸಮುದ್ರಮಟ್ಟದಿಂದ ಸುಮಾರು 988 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಮಂಜು ನೋಡಿಯೇ ಸುಲ್ತಾನರು ಆ ಹೆಸರಿಟ್ಟರು ಎಂಬ ಮಾತು ಜನರ ಬಾಯಲ್ಲಿದೆ. ನಕ್ಷತ್ರದ ಆಕಾರ ಪೂರ್ತಿ ಕಾಣುವುದು ಮೇಲಿನಿಂದ ಮಾತ್ರ. ಅದಕ್ಕೇ ಎಲ್ಲರಿಗೂ ಡ್ರೋನ್ ಆಸೆ. ಡ್ರೋನ್ ಹಾರಿಸಲು 2021ರ ಡ್ರೋನ್ ನಿಯಮಗಳಿವೆ, ನೋಂದಣಿ ಇದೆ, ಕೆಂಪು, ಹಳದಿ, ಹಸಿರು ವಲಯಗಳಿವೆ. ಜೊತೆಗೆ ಸ್ಮಾರಕದ ಮೇಲ್ವಿಚಾರಣೆ ನೋಡುವವರ ಅನುಮತಿಯೂ ಬೇಕು. ಕೇಳದೆ ಹಾರಿಸಿದರೆ ಫೋಟೊಗಿಂತ ಮೊದಲು ಪೊಲೀಸ್ ಠಾಣೆ ನೋಡಬೇಕಾದೀತು. ಡ್ರೋನ್ ಇಲ್ಲದವರು ಬೇಸರ ಮಾಡಬೇಕಾಗಿಲ್ಲ. ಗೋಡೆಯ ಮೂಲೆಯಲ್ಲಿ ನಿಂತು ನೋಡಿ, ಗೋಡೆ ಒಳಗೆ ಹೋಗಿ ಹೊರಗೆ ಬರುವ ಓರೆಗೆರೆ ಕಾಣುತ್ತದೆ. ಸಂಜೆಯ ಓರೆ ಬೆಳಕಿನಲ್ಲಿ ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳು. ಆಕಾರ ಅಲ್ಲೇ ಸಿಕ್ಕಿತು. ಬಾಗಿಲಿನ ಕತ್ತಲೆಯೊಳಗೆ ನಿಂತು ಹೊರಗಿನ ಬೆಳಕನ್ನು ತೆಗೆದರೆ ಬಾಗಿಲೇ ಚೌಕಟ್ಟು ಆಗುತ್ತದೆ.

ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್‌ನ ಅವಶೇಷ ಇನ್ನೊಂದು ಪಾಠಶಾಲೆ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು, ಗೊರೂರು ಅಣೆಕಟ್ಟೆ ಆದ ಮೇಲೆ ಮಳೆಗಾಲದಲ್ಲಿ ನೀರು ಸುತ್ತುವರಿಯುತ್ತದೆ. ಗಾಳಿ ಇಲ್ಲದ ಬೆಳಿಗ್ಗೆ ನೀರಿನಲ್ಲಿ ಬಿಂಬ ಬೀಳುತ್ತದೆ. ಕ್ಯಾಮರಾವನ್ನು ನೀರಿನ ಮಟ್ಟಕ್ಕೆ ಇಳಿಸಿ ತೆಗೆಯಿರಿ. ಗೋಡೆ ಹತ್ತುವುದು, ಹೆಸರು ಕೆತ್ತುವುದು ಬೇಡ. ಅದು ಯಾರದ್ದೋ ಪ್ರಾರ್ಥನೆಯ ಜಾಗ ಆಗಿತ್ತು ಎಂಬ ನೆನಪಿರಲಿ.

ಹೂಮಳೆಯ ನಂತರದ ವಾರ

ಫೋಟೊಗ್ರಫಿಯಲ್ಲಿ ಕಾಯುವುದೇ ಅರ್ಧ ವಿದ್ಯೆ. ಅದಕ್ಕೆ ಕಾಫಿ ಹೂವಿಗಿಂತ ಒಳ್ಳೆಯ ಉಸ್ತಾದ್ ಇಲ್ಲ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಒಂದು ಒಳ್ಳೆಯ ಮಳೆ ಬಿದ್ದರೆ, ಅಥವಾ ಸ್ಪ್ರಿಂಕ್ಲರ್ ಹೊಡೆದರೆ, ಸುಮಾರು ಎಂಟು ಹತ್ತು ದಿನಕ್ಕೆ ತೋಟ ಬಿಳಿಯಾಗುತ್ತದೆ. ಆ ಬಿಳಿ ಇರುವುದು ಎರಡು ಮೂರು ದಿನ. ಆಮೇಲೆ ಹೂ ಕಂದಿ ಹೋಗುತ್ತದೆ. ಮಳೆ ಬಿದ್ದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟವನಿಗೆ ಫೋಟೊ ಸಿಗುತ್ತದೆ, ಬೇರೆಯವರ ಸ್ಟೇಟಸ್ ನೋಡಿ ಓಡಿ ಬಂದವನಿಗೆ ಕಂದಿದ ಹೂ ಸಿಗುತ್ತದೆ.

ಹೂವು, ಹುಳ, ಜೇಡರ ಬಲೆ ತೆಗೆಯಲು ಬೆಳಿಗ್ಗೆ ಬೇಗ ಹೋಗಬೇಕು. ಆಗ ಗಾಳಿ ಕಡಿಮೆ. ಚಳಿಗೆ ಹುಳುಗಳು ಮರಗಟ್ಟಿ ಕೂತಿರುತ್ತವೆ, ಹಾರುವುದಿಲ್ಲ. ಇಬ್ಬನಿಯ ಹನಿ ಉಚಿತ. ಹತ್ತಿರದಿಂದ ತೆಗೆಯುವಾಗ ಫೋಕಸ್ ಆಗುವ ಜಾಗ ಕೂದಲೆಳೆಯಷ್ಟು. ಉಸಿರು ಬಿಟ್ಟರೂ ತಪ್ಪುತ್ತದೆ. ಮೊಣಕೈಯನ್ನು ಮೈಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಒಂದರ ಬದಲು ಹತ್ತು ಫೋಟೊ ತೆಗೆಯಿರಿ. ಒಂದು ಸರಿ ಬರುತ್ತದೆ. ಹುಳದ ಫೋಟೊದಲ್ಲಿ ಕಣ್ಣು ಸ್ಪಷ್ಟ ಇರಬೇಕು, ಉಳಿದದ್ದು ಮಸುಕಾದರೂ ಪರವಾಗಿಲ್ಲ. ಮಳೆಗಾಲದಲ್ಲಿ ಹೋಗುವವರು ಇಂಬಳಕ್ಕೆ ಉಪ್ಪು, ಸುಣ್ಣ ಏನಾದರೂ ಇಟ್ಟುಕೊಳ್ಳಿ.

ಮಳೆಯಲ್ಲಿ ಕ್ಯಾಮರಾ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸೂರ್ಯನನ್ನು ನಂಬಿ ಕೂತರೆ ಆಗದು. ಆದರೆ ಮೋಡದ ಬೆಳಕು ಕೆಟ್ಟದಲ್ಲ. ಆಕಾಶ ಪೂರ್ತಿ ಒಂದು ದೊಡ್ಡ ಬಿಳಿ ಪರದೆ ಇದ್ದ ಹಾಗೆ, ನೆರಳೇ ಇಲ್ಲದ ಮೆದು ಬೆಳಕು. ಹಸಿರು ಬಣ್ಣ ಇಷ್ಟು ಗಾಢವಾಗಿ ಬೇರೆ ಕಾಲದಲ್ಲಿ ಬರುವುದಿಲ್ಲ. ಆಕಾಶವನ್ನು ಚೌಕಟ್ಟಿನಿಂದ ಹೊರಗಿಟ್ಟು, ಎಲೆ, ದಾರಿ, ಹೆಂಚು, ಕಂಬಳಿ ಕೊಪ್ಪೆ, ಒದ್ದೆ ಬಸ್‌ಸ್ಟ್ಯಾಂಡ್ ತೆಗೆಯಿರಿ. ಮಳೆ ಗೆರೆ ಗೆರೆಯಾಗಿ ಕಾಣಬೇಕಾದರೆ ಶಟರ್ 1/60 ಆಸುಪಾಸು, ಹಿಂದುಗಡೆ ಕಪ್ಪು ಮರ ಅಥವಾ ಬಾಗಿಲು ಇರಬೇಕು. ಬಿಳಿ ಆಕಾಶದ ಎದುರು ಮಳೆ ಕಾಣುವುದೇ ಇಲ್ಲ.

ಕ್ಯಾಮರಾ ಇರುವವರು ಒಂದು ವಿಷಯ ಮರೆಯಬಾರದು. ನಮ್ಮ ಮಳೆಗಾಲದ ತೇವಕ್ಕೆ ಲೆನ್ಸ್ ಒಳಗೆ ಬೂಸಲು ಬರುತ್ತದೆ. ಬಂದರೆ ತೆಗೆಸುವುದು ಕಷ್ಟ, ಖರ್ಚು. ಚರ್ಮದ ಚೀಲದಲ್ಲಿ ಹಾಕಿ ಕಪಾಟಿನೊಳಗೆ ಮುಚ್ಚಿಡುವುದು ಎಲ್ಲಕ್ಕಿಂತ ಕೆಟ್ಟದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಬಣ್ಣದ ಜೆಲ್ ಆದರೆ ತೇವ ಹೀರಿದಾಗ ಬಣ್ಣ ಬದಲಾಗುತ್ತದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವುದು ಬೇಡ, ಅದರ ಹಿಟ್ಟಿನ ಧೂಳು ಒಳಗೆ ಸೇರುತ್ತದೆ. ಮುಖ್ಯವಾಗಿ, ಕ್ಯಾಮರಾವನ್ನು ಬಳಸುತ್ತಾ ಇರಿ. ಬೆಳಕು ಕಾಣುವ ಲೆನ್ಸ್‌ಗೆ ಬೂಸಲು ಕಡಿಮೆ.

ಹಕ್ಕಿ ಮತ್ತು ಆನೆ

ಪಕ್ಕದ ಮೂಡಿಗೆರೆಯಲ್ಲಿ ಬದುಕಿದ್ದ ಪೂರ್ಣಚಂದ್ರ ತೇಜಸ್ವಿ ನಮಗೆಲ್ಲ ಕತೆ, ಕಾದಂಬರಿಗಳಿಂದ ಗೊತ್ತು. 2007ರಲ್ಲಿ ತೀರಿಕೊಂಡ ಅವರು ಒಳ್ಳೆಯ ಪಕ್ಷಿ ಛಾಯಾಗ್ರಾಹಕರೂ ಹೌದು. ತೋಟ ನೋಡಿಕೊಂಡು, ಬರೆಯುತ್ತಾ, ಅದೇ ಸುತ್ತಮುತ್ತಲಿನ ಹಕ್ಕಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದವರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932-2017) ಕಾಡಿನ ಫೋಟೊಗ್ರಫಿಯಲ್ಲಿ ದೇಶಕ್ಕೇ ಗುರುವಿನ ಹಾಗೆ ಇದ್ದವರು. ಅವರು ಕಲಿತದ್ದು ಫಿಲ್ಮ್ ಕಾಲದಲ್ಲಿ. ಒಂದು ರೋಲ್‌ನಲ್ಲಿ 36 ಫೋಟೊ, ಅಷ್ಟರಲ್ಲೇ ಎಲ್ಲ. ಅದಕ್ಕೇ ಒತ್ತುವ ಮೊದಲು ಯೋಚನೆ ಮಾಡುತ್ತಿದ್ದರು.

ಇಂಥವರಿಂದ ಕಲಿಯಬೇಕಾದ ಪಾಠ ಎರಡು. ಹತ್ತಿರದ ಹಕ್ಕಿಯಿಂದಲೇ ಶುರು ಮಾಡಿ. ಅಂಗಳಕ್ಕೆ ಬರುವ ಮಡಿವಾಳ, ಕೆರೆ ಬದಿಯ ಮಿಂಚುಳ್ಳಿ ಸಾಕು. ಅದು ದಿನಾ ಯಾವ ಕೊಂಬೆಗೆ ಬಂದು ಕೂರುತ್ತದೆ ನೋಡಿಟ್ಟುಕೊಂಡು, ಸೂರ್ಯ ನಿಮ್ಮ ಬೆನ್ನಿಗೆ ಇರುವ ಹಾಗೆ ಮೊದಲೇ ಹೋಗಿ ಕೂರಿ. ಎರಡನೆಯದು, ಗೂಡಿನ ಹತ್ತಿರ ಹೋಗಬೇಡಿ. ಮರಿ ಕಾಣಲಿ ಅಂತ ಎಲೆ ಸರಿಸಿದರೆ ಮರುದಿನ ಕಾಗೆಗೂ ಕಾಣುತ್ತದೆ.

ಇನ್ನು ಆನೆ. ಇದರ ಬಗ್ಗೆ ಆಲೂರು, ಸಕಲೇಶಪುರದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಜೀವ ಕಳೆದುಕೊಂಡ ಮನೆಗಳು ನಮ್ಮ ನಡುವೆ ಇವೆ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆ ನಡೆಯುವಾಗ, ಎಂಟು ಸಲ ಮೈಸೂರು ದಸರಾ ಅಂಬಾರಿ ಹೊತ್ತಿದ್ದ ಅರ್ಜುನನೇ ಕಾಡಾನೆಯ ಜೊತೆಗಿನ ಕಾಳಗದಲ್ಲಿ ಸತ್ತುಹೋದ. ಪಳಗಿದ ಆನೆಗೇ ಹಾಗಾದರೆ ಬೈಕ್ ನಿಲ್ಲಿಸಿ ಮೊಬೈಲ್ ಹಿಡಿಯುವ ಹುಡುಗನ ಗತಿ ಏನು? ಆನೆ ಕಂಡರೆ ಫೋಟೊ ಅಲ್ಲ, ದಾರಿ ಬಿಡಿ. ಫ್ಲಾಶ್ ಅಂತೂ ಹಾಕಲೇಬೇಡಿ. ಆನೆ ಇರುವ ವಿಷಯ ಅರಣ್ಯ ಸಿಬ್ಬಂದಿಗೆ, ಕೆಲಸಕ್ಕೆ ಹೋಗುವವರಿಗೆ ತಿಳಿಸಿ. "ಇಲ್ಲಿದೆ ಬನ್ನಿ" ಅಂತ ಗ್ರೂಪಿಗೆ ಹಾಕಿ ಜನ ಸೇರಿಸಬೇಡಿ. ಹಳೆಯ ವಿಡಿಯೊವನ್ನು ಇವತ್ತಿನದ್ದು ಎಂದು ಕಳಿಸುವುದು ಅದಕ್ಕಿಂತ ಕೆಟ್ಟದು. ಇಲ್ಲದ ಕಡೆ ಹೆದರಿಕೆ, ಇರುವ ಕಡೆ ಅಸಡ್ಡೆ ಎರಡೂ ಅದರಿಂದಲೇ ಹುಟ್ಟುತ್ತದೆ.

ಮುಖದ ಎದುರು ನಿಂತಾಗ

ಮನುಷ್ಯರ ಫೋಟೊ ತೆಗೆಯುವುದು ಎಲ್ಲಕ್ಕಿಂತ ಕಷ್ಟ. ತಂತ್ರದ ಮಾತು ಸರಳ: ಬಿಸಿಲಿಗೆ ನಿಲ್ಲಿಸಬೇಡಿ, ಜಗಲಿಗೆ ಅಥವಾ ಬಾಗಿಲಿನ ಒಳಗೆ ಕೂರಿಸಿ, ಮುಖ ಬೆಳಕಿನ ಕಡೆ ಸ್ವಲ್ಪ ಓರೆಯಾಗಿರಲಿ, ಕಣ್ಣಿಗೆ ಫೋಕಸ್ ಮಾಡಿ, ಅವರ ಕಣ್ಣಿನ ಎತ್ತರಕ್ಕೆ ನೀವು ಇಳಿಯಿರಿ. ಮಕ್ಕಳನ್ನು ತೆಗೆಯುವಾಗ ನೆಲದ ಮೇಲೆ ಕೂರಿ. ಕೈಯಲ್ಲಿ ಏನಾದರೂ ಕೆಲಸ ಇದ್ದರೆ ಮುಖ ಸಹಜವಾಗಿರುತ್ತದೆ. ಕಾಫಿ ಹಣ್ಣು ಹೆಕ್ಕುವ ಕೈ, ಪತ್ತಿರಿ ಲಟ್ಟಿಸುವ ಉಮ್ಮನ ಕೈ, ತಕ್ಕಡಿ ಹಿಡಿದ ಬಾಪನ ಕೈ, ಇವೂ ಫೋಟೊಗಳೇ.

ಕಷ್ಟ ಇರುವುದು ಅನುಮತಿಯಲ್ಲಿ. ಫೋಟೊ ಬಗ್ಗೆ ಉಲಮಾಗಳ ನಡುವೆ ಇರುವ ಚರ್ಚೆ ಬೇರೆ, ಅದನ್ನು ಅವರವರ ಉಸ್ತಾದರ ಹತ್ತಿರ ಕೇಳಿಕೊಳ್ಳಿ. ಆದರೆ ಒಬ್ಬರ ಮುಖ ಅವರ ಅಮಾನತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಕೇಳದೆ ತೆಗೆಯಬಾರದು, ತೆಗೆಯಲು ಒಪ್ಪಿದರು ಅಂದರೆ ಸ್ಟೇಟಸ್‌ಗೆ ಹಾಕಲು ಒಪ್ಪಿದರು ಅಂತಲ್ಲ. ಎರಡನ್ನೂ ಬೇರೆ ಬೇರೆ ಕೇಳಬೇಕು. ದೂರದ ರಾಜ್ಯದಿಂದ ಎಸ್ಟೇಟ್ ಕೆಲಸಕ್ಕೆ ಬಂದವರು ಬೇಡ ಎನ್ನಲು ಹೆದರುತ್ತಾರೆ. ಅವರ ಮೌನ ಒಪ್ಪಿಗೆ ಅಲ್ಲ. ಆಸ್ಪತ್ರೆ, ಮಯ್ಯಿತ್ತಿನ ಮನೆ, ಅಪಘಾತದ ಜಾಗದಲ್ಲಿ ಮೊಬೈಲ್ ಜೇಬಿನಲ್ಲೇ ಇರಲಿ. ಮೊದಲು ಕೈ ಜೋಡಿಸಿ.

ದಾನಿಶ್ ಸಿದ್ದೀಕಿ ಹೆಸರು ನೀವು ಕೇಳಿರಬಹುದು. ದಿಲ್ಲಿಯ ಜಾಮಿಯಾ ಮಿಲ್ಲಿಯಾದಲ್ಲಿ ಓದಿ ರಾಯಿಟರ್ಸ್ ಸಂಸ್ಥೆ ಸೇರಿದವರು. ರೊಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ 2018ರಲ್ಲಿ ಅವರ ತಂಡಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. 2021ರ ಜುಲೈ 16ರಂದು ಅಫ್ಘಾನಿಸ್ತಾನದಲ್ಲಿ ಕೆಲಸದ ಮೇಲಿದ್ದಾಗಲೇ ಹತರಾದರು. ಭಾರತದ ಕೋವಿಡ್ ಚಿತ್ರಗಳಿಗೆ 2022ರಲ್ಲಿ ಮತ್ತೊಮ್ಮೆ ಪುಲಿಟ್ಜರ್ ಬಂದಾಗ ಅವರಿರಲಿಲ್ಲ. ಆ ತಂಡದಲ್ಲಿ ಕಾಶ್ಮೀರದ ಸನಾ ಇರ್ಶಾದ್ ಮಟ್ಟು ಎಂಬ ಯುವತಿಯೂ ಇದ್ದರು. ನೋವಿನಲ್ಲಿರುವವರ ಫೋಟೊ ತೆಗೆದರೂ ಅವರ ಮಾನ ಉಳಿಯುವ ಹಾಗೆ ತೆಗೆಯಬಹುದು ಎಂಬುದಕ್ಕೆ ಅವರ ಚಿತ್ರಗಳು ಸಾಕ್ಷಿ.

ಹೆಣ್ಣುಮಕ್ಕಳ ಮಾತು ಬಂತು, ಒಂದು ವಿಷಯ ಹೇಳಲೇಬೇಕು. ನಮ್ಮ ಮದುವೆ, ಮದರಂಗಿ ಕಾರ್ಯಕ್ರಮಗಳಲ್ಲಿ ಹೆಂಗಸರ ಕಡೆ ಗಂಡು ಫೋಟೊಗ್ರಾಫರ್ ಬರುವುದು ಅನೇಕ ಮನೆಗಳಿಗೆ ಮುಜುಗರ. ಆದರೂ ಬೇರೆ ದಾರಿ ಇಲ್ಲ ಅಂತ ಒಪ್ಪಿಕೊಳ್ಳುತ್ತಾರೆ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತ ಹುಡುಗಿಯರಿಗೆ ಇದನ್ನು ಕಲಿಸಿದರೆ ಎರಡು ಸಮಸ್ಯೆಗೆ ಒಂದೇ ಪರಿಹಾರ. ಮನೆಯವರಿಗೆ ನೆಮ್ಮದಿ, ಹುಡುಗಿಗೆ ಮರ್ಯಾದೆಯ ಸಂಪಾದನೆ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರವಾಲಾ ಕ್ಯಾಮರಾ ಹಿಡಿದದ್ದು ಸ್ವಾತಂತ್ರ್ಯಕ್ಕೂ ಮೊದಲು, ಸೀರೆ ಉಟ್ಟುಕೊಂಡೇ. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ನಮ್ಮ ಮಕ್ಕಳಿಗೆ ಯಾಕೆ ಆಗಬಾರದು?

ಮನೆಯೊಳಗಿನ ಫೋಟೊ

ಅಡುಗೆ ಮಾರುವವರಿಗೆ: ಟ್ಯೂಬ್‌ಲೈಟ್ ಕೆಳಗೆ ತೆಗೆದ ಬಿರಿಯಾನಿ ಹಳಸಿದ ಹಾಗೆ ಕಾಣುತ್ತದೆ. ತಟ್ಟೆಯನ್ನು ಕಿಟಕಿ ಪಕ್ಕ ಇಡಿ, ದೀಪ ಆರಿಸಿ. ಬೆಳಕು ಒಂದು ಬದಿಯಿಂದ ಬರಲಿ, ಇನ್ನೊಂದು ಬದಿಗೆ ಬಿಳಿ ಕಾಗದ ನಿಲ್ಲಿಸಿ. ಆ ಕಾಗದ ನೆರಳನ್ನು ತುಂಬುತ್ತದೆ. ಚಪ್ಪಟೆ ಇರುವುದನ್ನು, ಅಂದರೆ ಪತ್ತಿರಿಯಂಥದ್ದನ್ನು ಮೇಲಿನಿಂದ, ಎತ್ತರ ಇರುವುದನ್ನು ಪಕ್ಕದಿಂದ ತೆಗೆಯಿರಿ. ಕಾಳುಮೆಣಸು, ಏಲಕ್ಕಿ ತೋರಿಸುವವರು ಬಣ್ಣ ಏರಿಸುವ ಫಿಲ್ಟರ್ ಹಾಕಬಾರದು. ಫೋಟೊದಲ್ಲಿ ಹಸಿರು ಏಲಕ್ಕಿ, ಚೀಲ ಬಿಚ್ಚಿದರೆ ಬಿಳಿಚಿದ ಏಲಕ್ಕಿ ಅಂದರೆ ಅದು ಮೋಸದ ವ್ಯಾಪಾರವೇ.

ಹಳೆಯ ಆಲ್ಬಮ್ ಇರುವವರಿಗೆ: ಘಾಟಿ ಹತ್ತಿ ವ್ಯಾಪಾರಕ್ಕೆ ಬಂದ ನಮ್ಮ ಅಜ್ಜಂದಿರ ಫೋಟೊ ಮನೆಗೆ ಒಂದೋ ಎರಡೋ. ಅವುಗಳಿಗೂ ಬೂಸಲು ಹಿಡಿಯುತ್ತಿದೆ. ಕಿಟಕಿಯ ಮೆದು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಫೋನನ್ನು ಫೋಟೊಗೆ ಸಮಾನಾಂತರ ಹಿಡಿದು ನಕಲು ತೆಗೆಯಿರಿ. ಹಿಂದುಗಡೆ ಬರೆದದ್ದಿದ್ದರೆ ಅದನ್ನೂ ತೆಗೆಯಿರಿ. ಹಿರಿಯರು ಇರುವಾಗಲೇ ಯಾರು, ಎಲ್ಲಿ, ಯಾವಾಗ ಎಂದು ಕೇಳಿ ಬರೆದಿಡಿ. ಹೆಸರು ಗೊತ್ತಿಲ್ಲದ ಫೋಟೊ ಎರಡು ತಲೆಮಾರಿಗೆ ಅಪರಿಚಿತರ ಫೋಟೊ ಆಗುತ್ತದೆ.

ಸಾಕ್ಷಿಯ ಫೋಟೊ

ಬೆಳೆ ಹಾನಿಯ ಫೋಟೊದಲ್ಲಿ ಚಂದ ಮುಖ್ಯ ಅಲ್ಲ, ಸತ್ಯ ಮುಖ್ಯ. ಸ್ಥಳ ನೋಡಲು ಸಿಬ್ಬಂದಿ ಬರುವ ಮೊದಲೇ ಮಳೆ ಬಂದು ಹೆಜ್ಜೆ ಗುರುತು ಅಳಿಸಿ ಹೋಗಬಹುದು. ಹಾಗಾಗಿ ಬೆಳಗಾದ ಕೂಡಲೇ, ಆನೆ ಹೋಗಿದೆ ಎಂದು ಖಾತ್ರಿ ಮಾಡಿಕೊಂಡು ತೆಗೆಯಿರಿ. ಮೂರು ದೂರದಿಂದ ತೆಗೆಯುವ ಕ್ರಮ ಇಟ್ಟುಕೊಳ್ಳಿ. ಮೊದಲು ದೂರದಿಂದ, ತೋಟದ ಗೇಟು, ಮನೆ, ಕಂಬ ಯಾವುದಾದರೂ ಗುರುತು ಕಾಣುವ ಹಾಗೆ. ಆಮೇಲೆ ನಡು ದೂರದಿಂದ, ಎಷ್ಟು ಸಾಲು, ಎಷ್ಟು ಗಿಡ ಹೋಗಿದೆ ಎಂದು ಎಣಿಸಲು ಬರುವ ಹಾಗೆ. ಕೊನೆಗೆ ಹತ್ತಿರದಿಂದ, ಮುರಿದ ಗಿಡ, ಹೆಜ್ಜೆ, ಲದ್ದಿ. ಹೆಜ್ಜೆಯ ಪಕ್ಕ ಒಂದು ಕತ್ತಿಯೋ ಚಪ್ಪಲಿಯೋ ಇಟ್ಟರೆ ಅಳತೆ ತಿಳಿಯುತ್ತದೆ.

ಕ್ಯಾಮರಾದ ಲೊಕೇಶನ್ ಆನ್ ಇರಲಿ, ಫೋನಿನ ದಿನಾಂಕ ಸರಿ ಇರಲಿ. ಫೋಟೊಗೆ ಫಿಲ್ಟರ್ ಹಾಕಬೇಡಿ, ಕತ್ತರಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಅದರೊಳಗಿನ ಸ್ಥಳ, ಸಮಯದ ವಿವರವೂ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಫೋಟೊ ಅಳಿಸದೆ ಇಟ್ಟುಕೊಳ್ಳಿ. ಪರಿಹಾರ ಸಿಗುವುದು ಇಲಾಖೆಯ ಪರಿಶೀಲನೆಯ ಮೇಲೆ. ಆದರೆ ನಿಮ್ಮ ಕೈಯಲ್ಲಿ ಸರಿಯಾದ ಫೋಟೊ ಇದ್ದರೆ ನಿಮ್ಮ ಮಾತಿಗೆ ತೂಕ.

ಸತ್ಯದ ಮಾತು ರಂಝಾನ್, ಈದ್ ಚಂದ್ರನಿಗೂ ಸಲ್ಲುತ್ತದೆ. ಪ್ರತಿ ವರ್ಷ ಎಲ್ಲಿಯದೋ ಚಂದ್ರನ ಫೋಟೊ ಗ್ರೂಪುಗಳಲ್ಲಿ ಓಡಾಡುತ್ತದೆ. ಚಂದ್ರದರ್ಶನಕ್ಕೆ ಬೇಕಾದ್ದು ಕಣ್ಣಿನ ಸಾಕ್ಷಿ, ತೀರ್ಮಾನ ಖಾಝಿಗಳದ್ದು. ನೀವು ತೆಗೆಯುವುದಾದರೆ ಖುಷಿಗೆ ತೆಗೆಯಿರಿ: ಫೋನನ್ನು ಗೋಡೆಗೆ ಒರಗಿಸಿ, ಚಂದ್ರನನ್ನು ಮುಟ್ಟಿ ಬೆಳಕು ಪೂರ್ತಿ ಇಳಿಸಿ, ಮೂರು ಸೆಕೆಂಡಿನ ಟೈಮರ್ ಹಾಕಿ. ಬಿಳಿ ಮುದ್ದೆಯ ಬದಲು ತೆಳು ಗೆರೆ ಬರುತ್ತದೆ.

ಜೀವಕ್ಕಿಂತ ಫೋಟೊ ದೊಡ್ಡದಲ್ಲ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ರೈಲು ಮಾರ್ಗ ಸುಮಾರು 55 ಕಿ.ಮೀ., 57 ಸುರಂಗ, 109 ಸೇತುವೆ. ಹೊರಗಿನವರು ಇದನ್ನು ಹಸಿರು ದಾರಿ ಅಂತ ನಡೆಯಲು ಬರುತ್ತಿದ್ದರು, ಅವರನ್ನು ನೋಡಿ ನಮ್ಮ ಹುಡುಗರೂ. ಸೇತುವೆ ಮೇಲೆ ರೈಲು ಬಂದರೆ ಓಡಲು ಜಾಗ ಇಲ್ಲ. ರೈಲ್ವೆ ಕಾಯ್ದೆ 1989ರ 147ನೇ ಸೆಕ್ಷನ್ ಪ್ರಕಾರ ಹಳಿ ಮೇಲೆ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆ ದಾರಿ ನೋಡಬೇಕಾದರೆ ಹಗಲು ರೈಲಿಗೆ ಟಿಕೆಟ್ ತೆಗೆದುಕೊಂಡು ಕಿಟಕಿ ಪಕ್ಕ ಕೂರಿ. ಕೈ, ತಲೆ ಹೊರಗೆ ಹಾಕದೆ, ಶಟರ್ ವೇಗ ಹೆಚ್ಚಿಟ್ಟುಕೊಂಡು ತೆಗೆಯಿರಿ. ಸುರಂಗದಿಂದ ಹೊರಬರುವ ಕ್ಷಣದ ಹಸಿರು ಆ ಕಿಟಕಿಗೇ ಸಿಗುತ್ತದೆ. ಜಲಪಾತದ ಪಾಚಿ ಬಂಡೆಯ ವಿಷಯವೂ ಹೀಗೆಯೇ. ಮೂಕನಮನೆಯಾಗಲಿ, ಇನ್ನಾವುದೇ ಆಗಲಿ, ಮಳೆಗಾಲದಲ್ಲಿ ನೀರಿಗೆ ಇಳಿಯದೆ ದೂರದಿಂದ ತೆಗೆದ ಫೋಟೊವೇ ಪೂರ್ತಿ ಜಲಪಾತವನ್ನು ತೋರಿಸುತ್ತದೆ.

ಕೈ ಪಳಗಲು ಒಂದು ತಿಂಗಳು

ಇಷ್ಟನ್ನೆಲ್ಲ ಒಂದೇ ದಿನ ಕಲಿಯಲು ಆಗುವುದಿಲ್ಲ. ಒಂದು ತಿಂಗಳು ಹೀಗೆ ಮಾಡಿ ನೋಡಿ. ಮೊದಲ ವಾರ ಮನೆ ಹತ್ತಿರದ ಒಂದೇ ಮರ, ಹಾಲುವಾಣವೋ ಹಲಸೋ, ದಿನಕ್ಕೆ ಮೂರು ಹೊತ್ತು ತೆಗೆಯಿರಿ. ಬೆಳಕು ಏನು ಮಾಡುತ್ತದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ. ಎರಡನೇ ವಾರ ಒಂದೇ ವಸ್ತುವನ್ನು ದೂರ, ಹತ್ತಿರ, ಮೇಲೆ, ಕೆಳಗೆ ಹೀಗೆ ಹತ್ತು ಕೋನದಿಂದ. ಮೂರನೇ ವಾರ ಮನೆಯವರ ಮುಖ, ಕೇಳಿ, ಕಿಟಕಿ ಬೆಳಕಿನಲ್ಲಿ. ನಾಲ್ಕನೇ ವಾರ ಓಡಾಡುವುದನ್ನು, ಕೋಳಿ, ಬೈಕು, ಆಟದ ಮಕ್ಕಳು. ಪ್ರತಿ ವಾರದ ಕೊನೆಗೆ ಐದು ಫೋಟೊ ಉಳಿಸಿ ಉಳಿದದ್ದು ಅಳಿಸಿ. ಈ ಅಳಿಸುವ ಕೆಲಸದಲ್ಲೇ ಹೆಚ್ಚು ಕಲಿಕೆ ಇದೆ, ಏಕೆಂದರೆ ಇದು ಯಾಕೆ ಬೇಡ ಅಂತ ನೀವೇ ಹೇಳಬೇಕಾಗುತ್ತದೆ. ಉಳಿದ ಐದನ್ನು ಹೊಗಳುವವರಿಗಲ್ಲ, ನೇರವಾಗಿ ಹೇಳುವ ಒಬ್ಬರಿಗೆ ತೋರಿಸಿ.

ತಂದೆ ತಾಯಂದಿರಿಗೆ ಕೊನೆಯ ಮಾತು. ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವುದು ಇನ್ನು ಸಾಧ್ಯ ಇಲ್ಲ. ಅದರಲ್ಲಿ ಬೇರೆಯವರು ಮಾಡಿದ್ದನ್ನು ಗಂಟೆಗಟ್ಟಲೆ ನೋಡುತ್ತಾ ಕೂರುವ ಬದಲು, ತಾವೇ ಎದ್ದು ಹೊರಗೆ ಹೋಗಿ ನೋಡುವ ಕೆಲಸ ಕೊಡಬಹುದು. "ಇವತ್ತು ಅಸರ್ ಆದ ಮೇಲೆ ನಮ್ಮ ಅಂಗಳದ ಐದು ಫೋಟೊ ತೆಗೆದು ತೋರಿಸು" ಅನ್ನಿ. ತಂದಾಗ ಕೂತು ನೋಡಿ, ಯಾವುದು ಯಾಕೆ ಚೆನ್ನಾಗಿದೆ ಅಂತ ಕೇಳಿ. ಅಷ್ಟು ಹೊತ್ತು ಮಗು ನಿಮ್ಮ ಪಕ್ಕ ಕೂತಿರುತ್ತದೆ.